ಇನ್ನೊಂದು ಕಣ್ಣಿನ ಗತಿ ಮೊದಲೇ ತಿಳಿಯುವುದೇ?

ಪ್ರಶ್ನೆ: ವಯಸ್ಸಾದಂತೆ ಬರುವ ಮ್ಯಾಕ್ಯುಲಾ ಸವೆತದಿಂದ ಅಮ್ಮನ ಒಂದು ಕಣ್ಣು ಮಸುಕಾಗಿದೆ. ಇನ್ನೊಂದರ ಗತಿಯನ್ನು ಸ್ಕ್ಯಾನ್ ಹೇಳಬಲ್ಲದೇ?

ಉತ್ತರ: ಸಾಧ್ಯತೆ ಎಷ್ಟೆಂದು ಹೇಳಬಲ್ಲದು, ಖಚಿತವಾಗಿ ಅಲ್ಲ. ವೈದ್ಯರು ಅಕ್ಷಿಪಟದ ಫೋಟೋದಲ್ಲಿ ಮೊದಲು ಹುಡುಕುವುದು ಡ್ರೂಸೆನ್ ಎಂಬ ಹಳದಿ ಚುಕ್ಕೆಗಳನ್ನು. ಒಳ್ಳೆಯ ಕಣ್ಣಿನಲ್ಲೂ ಅವು 125 ಮೈಕ್ರಾನ್ ಮುಟ್ಟಿ, ಜೊತೆಗೆ ವರ್ಣದ್ರವ್ಯ ಏರುಪೇರಾಗಿದ್ದರೆ, 5 ವರ್ಷಗಳಲ್ಲಿ ರೋಗ ಬಲಿಯುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ ಎನ್ನುತ್ತದೆ ಅಮೆರಿಕದ ಏರೆಡ್ಸ್ ಅಧ್ಯಯನ.

ಓಸಿಟಿ ಸ್ಕ್ಯಾನ್ ಇನ್ನೂ ಆಳಕ್ಕಿಳಿದು ಒಂದೊಂದು ಪದರವನ್ನೂ ತೋರಿಸುತ್ತದೆ. ಎರಡನೇ ಕಣ್ಣಿನಲ್ಲಿ 6 ತಿಂಗಳೊಳಗೆ ರಕ್ತನಾಳ ಸೋರತೊಡಗುವುದೇ ಎಂದು ಇದರಿಂದ ಊಹಿಸಲು ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆ ಮತ್ತು ಡೀಪ್‌ಮೈಂಡ್ ಕಂಪನಿಯ ಸಂಶೋಧಕರು ಕಂಪ್ಯೂಟರಿಗೆ ಕಲಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಗೆ ಸೋರಲಿರುವ ಹತ್ತು ಕಣ್ಣುಗಳಲ್ಲಿ ಎಂಟನ್ನು ಹಿಡಿಯುವಂತೆ ಅದನ್ನು ಹೊಂದಿಸಿದಾಗ ಸುಳ್ಳು ಎಚ್ಚರಿಕೆಗಳೂ ಬಹಳ ಬಂದವು. ಹಾಗಾಗಿ ತಪಾಸಣೆ ತಪ್ಪಿಸಬೇಡಿ. ಒಳ್ಳೆಯ ಕಣ್ಣೊಂದರಿಂದಲೇ ಅಮ್ಮ ದಿನವೂ ಬಾಗಿಲ ಚೌಕಟ್ಟು ನೋಡಲಿ. ಗೆರೆ ಡೊಂಕಾಗಿ ಕಂಡರೆ ಅಂದೇ ವೈದ್ಯರ ಬಳಿ ಹೋಗಿ.