ಹಿಟ್ಟು ಬಿದ್ದರೆ ಅರ ತೆಗೆಯಿರಿ

ಮಾಸ್ತಿಕಟ್ಟೆ ಕಡೆ ಸೌದೆ ಕೊಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವುದು ಮನೆ ಯಜಮಾನನಲ್ಲ, ಮಳೆ. ಹುಲಿಕಲ್ ಘಾಟಿಯ ನೆತ್ತಿಯ ಮೇಲೆ ಕೂತ ಊರು ಇದು. ಅರಬ್ಬಿ ಸಮುದ್ರದಿಂದ ಎದ್ದು ಬಂದ ಮೋಡ ಘಟ್ಟ ಹತ್ತಿದ ಸುಸ್ತಿಗೆ ಮೊದಲು ಕೂತು ಹೊರೆ ಇಳಿಸುವುದು ಇಲ್ಲೇ. ವರ್ಷಕ್ಕೆ 6,000 ಮಿಲಿಮೀಟರ್ ದಾಟಿದರೂ ಊರವರು ಅದನ್ನು ಸುದ್ದಿ ಎನ್ನುವುದಿಲ್ಲ. ಆ ನೀರನ್ನು ಮಾಣಿ ಅಣೆಕಟ್ಟೆಯಲ್ಲಿ ಹಿಡಿದು, ಘಟ್ಟದ ಬುಡದ ಹೊಸಂಗಡಿಯಲ್ಲಿ ನೆಲದಡಿಗೆ ಇಳಿಸಿ, ವಾರಾಹಿ ಯೋಜನೆಯವರು 460 ಮೆಗಾವಾಟ್ ಕರೆಂಟು ತೆಗೆಯಬಲ್ಲರು. ಆದರೆ ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಮನೆಯೆಲ್ಲ ಕತ್ತಲಾದಾಗ ಬಚ್ಚಲ ಹಂಡೆಯ ನೀರು ಕಾಯುವುದು ಸೌದೆಯಿಂದಲೇ.

ಅಡುಗೆಮನೆಗೆ ಗ್ಯಾಸ್ ಬಂದಿದೆ, ನಿಜ. ಬಚ್ಚಲೊಲೆ ಮಾತ್ರ ಹೋಗಿಲ್ಲ. ಅಡಿಕೆ ಸುಗ್ಗಿ ಬಂತೆಂದರೆ ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ದೊಡ್ಡ ಒಲೆಗೆ ದಿನಾ ಒಂದು ರಾಶಿ ಕಟ್ಟಿಗೆ ಬೇಕು. ಇಷ್ಟಕ್ಕೂ ಒಣಗಿದ ಸೌದೆ ರೋಹಿಣಿ ಮಳೆಗೆ ಮುಂಚೆ ಮಾಡಿನಡಿ ಸೇರಿರಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದು ಆರಲು ಶಿವರಾತ್ರಿಯಿಂದ ಮೇ ತಿಂಗಳವರೆಗಿನ ಬಿಸಿಲು ಸಾಲುವುದೇ ಕಷ್ಟ. ಹಾಗಾಗಿ ಕುಂಭ, ಮೀನ ಮಾಸದಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಯಾವ ಹಳ್ಳಿಗೆ ಹೋದರೂ ಗುಡ್ಡದ ಆಚೆಯಿಂದ ಆ ಸದ್ದು ಕೇಳುತ್ತದೆ: ಒಂದು ಕ್ಷಣ ಗುರ್ ಎಂದು ಏರಿ, ಮರಕ್ಕೆ ಕಚ್ಚಿದ ಕೂಡಲೇ ಕುಗ್ಗಿ, ಮತ್ತೆ ಏರುವ ಸದ್ದು. ಹೆಸರು ಚೈನ್ ಸಾ. ಊರಿನ ಬಾಯಲ್ಲಿ ಮರ ಕೊಯ್ಯುವ ಮಿಷನ್.

ಕಿವಿ ಪಳಗಿದವರಿಗೆ ಆ ಸದ್ದಿನಲ್ಲೇ ಚೈನು ಹರಿತವೋ ಮೊಂಡೋ ತಿಳಿಯುತ್ತದೆ. ನನಗೆ ತಿಳಿಯುತ್ತಿರಲಿಲ್ಲ.

ಕೆಲವು ವರ್ಷದ ಹಿಂದೆ, ಆಳು ಸಿಗದ ಒಂದು ಬೇಸಿಗೆಯಲ್ಲಿ, ನಾನೂ ಒಂದು ಮಿಷನ್ ತಂದೆ. ಗಾಳಿಗೆ ಬುಡಮೇಲಾದ ಅಕೇಶಿಯಾ ಮರವೊಂದು ತೋಟದ ಅಂಚಿನಲ್ಲಿ ಬಿದ್ದಿತ್ತು. ಮೊದಲ ಅರ್ಧ ಗಂಟೆ ಬೆಣ್ಣೆ ಕೊಯ್ದಂತೆ ಕೊಯ್ದೆ. ಮಧ್ಯಾಹ್ನದ ಹೊತ್ತಿಗೆ ಮಿಷನ್ನಿನ ಮೇಲೆ ಎದೆಯೂರಿ ನಿಂತರೂ ಚೈನು ಓಡುವ ಬಾರ್ ಇಳಿಯಲೊಲ್ಲದು. ಮರದಿಂದ ಹೊಗೆ, ಕೊಯ್ದ ಜಾಗದಲ್ಲಿ ಕಪ್ಪು. ಪೇಟೆಯ ಅಂಗಡಿಗೆ ಹೊತ್ತೊಯ್ದೆ. ಅವರು ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ತಿರುಚಿ, ಬಿಲ್ ಕೊಟ್ಟರು. ಮನೆಗೆ ತಂದರೆ ಅದೇ ಕತೆ. ಕೊನೆಗೆ ನಮ್ಮೂರಲ್ಲಿ ಮೂವತ್ತು ವರ್ಷದಿಂದ ಮರದ ಕೆಲಸ ಮಾಡುವ ಹಿರಿಯರೊಬ್ಬರು ಬಂದರು. ಅವರು ಮಿಷನ್ ಕಡೆ ನೋಡಲೇ ಇಲ್ಲ. ಬಗ್ಗಿ ಕುಂಟೆಯಡಿ ಬಿದ್ದಿದ್ದ ಹುಡಿಯನ್ನು ಚಿಟಿಕೆಯಲ್ಲಿ ಎತ್ತಿ ತಿಕ್ಕಿದರು.

“ಇದೆಂತ ಮಾರಾಯ್ರೆ, ಮರ ಕೊಯ್ದದ್ದೋ ಹಿಟ್ಟು ಬೀಸಿದ್ದೋ?”

ಅಷ್ಟೇ ಪಾಠ. ಹರಿತವಾದ ಚೈನು ದಪ್ಪ ಅವಲಕ್ಕಿಯಂಥ ಚಕ್ಕೆ ಉಗುಳುತ್ತದೆ. ಮೊಂಡು ಚೈನು ಅಕ್ಕಿಹಿಟ್ಟು ಉದುರಿಸುತ್ತದೆ. ಮರಕ್ಕೆ ಅಡ್ಡ ಕೊಯ್ಯುವಾಗ ಹಿಟ್ಟು ಕಂಡಿತೋ, ಅಲ್ಲೇ ನಿಲ್ಲಿಸಿ ಅರ ತೆಗೆಯಬೇಕು. ಇನ್ನೊಂದು ಗುರುತೂ ಉಂಟು. ಹರಿತವಿದ್ದಾಗ ಮಿಷನ್ ತನ್ನ ಭಾರಕ್ಕೇ ಇಳಿಯುತ್ತದೆ. ನಾವು ಒತ್ತಲು ಶುರುಮಾಡಿದೆವು ಎಂದರೆ ಹಲ್ಲು ಸತ್ತಿದೆ ಎಂದೇ ಲೆಕ್ಕ.

ಮರ ಕೊಯ್ದು ಹಲ್ಲು ಸಾಯುವುದು ಕಡಿಮೆ. ಸಾಯಿಸುವುದು ಮಣ್ಣು. ನಮ್ಮದು ಜಂಬಿಟ್ಟಿಗೆಯ ನೆಲ. ಎಳೆದು ತಂದ ಕುಂಟೆಯ ತೊಗಟೆಯ ಸಂದಿಯಲ್ಲೆಲ್ಲ ಕೆಮ್ಮಣ್ಣು, ಹರಳು. ಅದಕ್ಕಿಂತ ಕೆಟ್ಟದ್ದು ಒರಲೆ. ಒಂದು ತಿಂಗಳು ಬಿದ್ದಿದ್ದ ಮರಕ್ಕೆ ಒರಲೆ ಕಟ್ಟಿದ ಮಣ್ಣಿನ ಪದರ ಉಜ್ಜುಕಾಗದಕ್ಕೆ ಸಮ. ಚೈನು ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ಆ ವೇಗದಲ್ಲಿ ತುದಿ ಒಂದು ಸಲ ನೆಲ ಮುಟ್ಟಿದರೆ ಸಾಕು, ಬೆಳಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಕತ್ತಿಯ ಬೆನ್ನಿನಲ್ಲಿ ತೊಗಟೆ ಕೆತ್ತಿ, ಕೊಯ್ಯುವ ಜಾಗ ಒಂದು ಗೇಣು ಚೊಕ್ಕ ಮಾಡಿಕೊಂಡರೆ ಅರ್ಧ ಅರ ಉಳಿಯಿತು. ಕುಂಟೆಯನ್ನು ಎರಡು ಕವಲು ಗೂಟದ ಮೇಲೆ ಎತ್ತಿಟ್ಟರೆ ಇನ್ನೂ ಒಳ್ಳೆಯದು. ಎತ್ತಲಾಗದ ದಪ್ಪವೇ? ಮುಕ್ಕಾಲು ಪಾಲು ಕೊಯ್ದು ಬಿಟ್ಟು, ಕುಂಟೆ ಉರುಳಿಸಿ, ಉಳಿದದ್ದನ್ನು ಮೇಲಿಂದಲೇ ಮುಗಿಸಬೇಕು.

ಈ ಹಲ್ಲಿನ ಹುಟ್ಟಿನ ಕತೆ ನನಗೆ ಬಹಳ ಇಷ್ಟ. ಓಡುವ ಸರಪಳಿಗೆ ಹಲ್ಲು ಕಟ್ಟುವ ಕಲ್ಪನೆ ಮೊದಲು ಬಂದದ್ದು ಕಾಡಿನಲ್ಲಲ್ಲ, 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ವೈದ್ಯರಿಗೆ, ಮೂಳೆ ಕೊಯ್ಯಲು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮರ ಕೊಯ್ಯುವ ವಿದ್ಯುತ್ ಮಿಷನ್ ಮಾಡಿದ. ಆದರೂ ಆಗಿನ ಸರಪಳಿಯ ಹಲ್ಲು ಕೈಗರಗಸದ ಹಲ್ಲಿನ ಹಾಗೇ ನೆಟ್ಟಗಿತ್ತು. ಮರವನ್ನು ಪರಚುತ್ತಿತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕಾಡಿನಲ್ಲಿ ಸೌದೆ ಒಡೆಯುತ್ತಿದ್ದ ಜೋಸೆಫ್ ಬುಫರ್ಡ್ ಕಾಕ್ಸ್ ಎಂಬಾತನಿಗೆ ಒಂದು ಕುಂಟೆಯಲ್ಲಿ ಮರ ಕೊರೆಯುವ ಹುಳ ಕಂಡಿತು. ತೋರುಬೆರಳಿನಷ್ಟು ಗಾತ್ರದ ಆ ಮರಿಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಲೀಲಾಜಾಲವಾಗಿ ದಾರಿ ಮಾಡಿಕೊಳ್ಳುತ್ತಿತ್ತು. ಆತ ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಮಾರಾಟಕ್ಕಿಟ್ಟ. ಇಂದು ನಮ್ಮ ಅಂಗಳದಲ್ಲಿ ಓಡುವ ಚೈನಿನಲ್ಲಿ ಎಡ ಹಲ್ಲು, ಬಲ ಹಲ್ಲು ಎಂದು ಸರದಿಯಲ್ಲಿ ಬರುವುದು ಆ ಹುಳದ ದವಡೆಯ ಪಡಿಯಚ್ಚು. ನಮ್ಮ ಮಾವಿನ ಮರ ಕೊರೆಯುವ ಹುಳವನ್ನು ನಾವು ಶಪಿಸಿದ್ದಷ್ಟೇ ಬಂತು!

ಈಗ ಅರ ಹಾಕುವ ಮಾತು. ಅಂಗಡಿಯಲ್ಲಿ ರೌಂಡ್ ಫೈಲ್ ಎಂದು ಕೇಳಬೇಕು, ನಮ್ಮ ಉರುಟು ಅರ. ಯಾವ ದಪ್ಪದ್ದು ಎಂಬುದೇ ಮುಖ್ಯ, ಇಲ್ಲಿ ಅಂದಾಜು ನಡೆಯುವುದಿಲ್ಲ. ಸಣ್ಣ ಮನೆಬಳಕೆಯ ಮಿಷನ್ನಿನ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರಿನದು. .325 ಚೈನಿಗೆ 4.8. ದೊಡ್ಡ 3/8 ಚೈನಿಗೆ ತಯಾರಕರು ಹೇಳಿದಂತೆ 5.2 ಅಥವಾ 5.5. ದಪ್ಪ ಕಡಿಮೆಯಾದರೆ ಹಲ್ಲಿನ ಕೊಕ್ಕೆ ಅತಿಯಾಗಿ ಚೂಪಾಗಿ ಬೇಗ ಮುರಿಯುತ್ತದೆ, ಹೆಚ್ಚಾದರೆ ಹಲ್ಲಿಗೆ ಬಾಯಿಯೇ ಬರುವುದಿಲ್ಲ. ಅರದ ದಪ್ಪದ ಐದನೇ ಒಂದು ಪಾಲು ಹಲ್ಲಿನ ಮೇಲ್ತುದಿಯಿಂದ ಮೇಲೆ ಕಾಣುವಂತೆ ಹಿಡಿಯಬೇಕು. ಕೋನ ಸಾಮಾನ್ಯವಾಗಿ 30 ಡಿಗ್ರಿ. ಬಹಳ ಹಲ್ಲುಗಳ ಮೇಲೆ ಅದಕ್ಕೊಂದು ಗೀರು ಹಾಕಿರುತ್ತಾರೆ. ಒಣ ಜಂಬೆ, ಮತ್ತಿಯಂಥ ಗಟ್ಟಿಮರವನ್ನೇ ದಿನವಿಡೀ ಕೊಯ್ಯುವವರು 25ಕ್ಕೆ ಇಳಿಸುವುದುಂಟು. ಆಗ ಓಟ ಸ್ವಲ್ಪ ನಿಧಾನ, ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ.

ಮಿಷನ್ ಪೂರ್ತಿ ಆರಿಸಿ, ಕೈಗೆ ದಪ್ಪ ಗವಸು ಹಾಕಿ, ಒಂದು ಬೊಡ್ಡೆಗೆ ಕಚ್ಚು ಹಾಕಿ ಅದರಲ್ಲಿ ಬಾರ್ ಕೂರಿಸಿದರೆ ಅಲುಗಾಡುವುದಿಲ್ಲ. ಚೈನು ಸ್ವಲ್ಪ ಬಿಗಿ ಇರಲಿ. ಮೊದಲ ಹಲ್ಲಿಗೆ ನಮ್ಮ ಹಿರಿಯರು ಎಲೆಯಡಿಕೆ ಸಂಚಿಯ ಸುಣ್ಣದ ಚುಕ್ಕೆ ಇಡುತ್ತಾರೆ, ಸುತ್ತು ಮುಗಿದದ್ದು ಗೊತ್ತಾಗಲು. ಅರ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಬೇಕು, ಉಜ್ಜಬಾರದು. ಅರವೂ ಹಾಳು, ಹಲ್ಲೂ ಹಾಳು. ಎರಡು ಎಳೆತವೆಂದರೆ ಎಲ್ಲ ಹಲ್ಲಿಗೂ ಎರಡೇ. ಒಂದು ಬದಿ ಮುಗಿಸಿ ಆಚೆ ಬದಿಗೆ ಹೋಗಬೇಕು. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಸೊಟ್ಟ, ಮನುಷ್ಯಸಹಜ. ಆದರೆ ಎಡ ಹಲ್ಲು ಉದ್ದ, ಬಲ ಹಲ್ಲು ಗಿಡ್ಡ ಆದರೆ ಕೊಯ್ತ ನೆಟ್ಟಗೆ ಇಳಿಯದೆ ಬಾಳೆಹಣ್ಣಿನಂತೆ ಬಾಗುತ್ತದೆ. ಆಗ ಅತಿ ಗಿಡ್ಡ ಹಲ್ಲನ್ನು ಹುಡುಕಿ ಉಳಿದವನ್ನೆಲ್ಲ ಅದರ ಅಳತೆಗೆ ತರುವುದೊಂದೇ ದಾರಿ.

ಇಷ್ಟನ್ನು ಬಹಳ ಜನ ಮಾಡುತ್ತಾರೆ. ಮರೆಯುವುದು ಮುಂದಿನದನ್ನು. ಪ್ರತಿ ಹಲ್ಲಿನ ಮುಂದೆ ಒಂದು ಗುಬ್ಬಿ ಇರುತ್ತದೆ, ಮೆಕ್ಯಾನಿಕ್‌ಗಳು ರೇಕರ್ ಎನ್ನುತ್ತಾರೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಹಲ್ಲಿನ ತುದಿಗಿಂತ ಅದು 0.65 ಮಿಲಿಮೀಟರಿನಷ್ಟು ತಗ್ಗಿರಬೇಕು. ನಾಲ್ಕೈದು ಸಲ ಅರ ಹಾಕುವಾಗ ಹಲ್ಲು ಸವೆದು ತಗ್ಗುತ್ತದೆ, ಗುಬ್ಬಿ ಹಾಗೇ ನಿಂತಿರುತ್ತದೆ. ಆಮೇಲೆ ಎಷ್ಟು ಹರಿತ ಮಾಡಿದರೂ ಹಲ್ಲು ಮರವನ್ನು ಮುಟ್ಟುವುದೇ ಇಲ್ಲ. ಸಣ್ಣ ಗೇಜು ತಗಡು ಇಟ್ಟು, ಮೇಲೆ ಕಂಡಷ್ಟನ್ನು ಚಪ್ಪಟೆ ಅರದಲ್ಲಿ ತೆಗೆಯಬೇಕು. ಗೇಜಿಲ್ಲದೆ ಕಣ್ಣಂದಾಜಿಗೆ ತೆಗೆದವರ ಮಿಷನ್ ಮರವನ್ನು ಗಬಕ್ಕನೆ ಕಚ್ಚಿ ಕೈಯನ್ನೇ ಜಗ್ಗುತ್ತದೆ.

ಪೇಟೆಯ ಗ್ರೈಂಡಿಂಗ್ ಚಕ್ರಕ್ಕೆ ಕೊಟ್ಟರೆ ಬೇಗ ಆಗುತ್ತದಲ್ಲ ಎನ್ನಬಹುದು. ನಿಧಾನವಾಗಿ, ತಾಗಿಸಿ ತೆಗೆದು ಮಾಡಿದರೆ ಸರಿ. ಅವಸರದಲ್ಲಿ ಒತ್ತಿದರೆ ಹಲ್ಲಿನ ತುದಿ ನೀಲಿ ತಿರುಗುತ್ತದೆ. ಕಮ್ಮಾರರು ಹೇಳುವ ಹದ ಅಲ್ಲಿಗೆ ಕೆಟ್ಟಿತು. ನನ್ನ ಒಂದು ಚೈನು ಹಾಗೇ ಹೋಯಿತು; ಈಗ ಅದರಲ್ಲಿ ತೋಟದ ಗೇಟು ಕಟ್ಟಿದ್ದೇನೆ. ಮನೆಯಲ್ಲಿ ಅಡಿಕೆ ಸುಲಿಯುವವರು ಮೆಟ್ಟುಕತ್ತಿ ಮಸೆಯದೆ ಕೂರುವುದಿಲ್ಲ. ಕೊನೆ ತೆಗೆಯುವವರು ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ನೋಡದೆ ಮರ ಹತ್ತುವುದಿಲ್ಲ. ಅಂಥ ಊರಿನಲ್ಲಿ, ಸಾವಿರಾರು ರೂಪಾಯಿಯ ಮಿಷನ್ನಿಗೆ ಮಾತ್ರ ವರ್ಷಕ್ಕೊಮ್ಮೆ ‘ಸರ್ವಿಸ್’ ಸಾಕೆಂದು ಯಾರು ಹೇಳಿಕೊಟ್ಟರೋ! ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಎರಡೆರಡು ಎಳೆತ ಹಾಕಿದರೆ ಹತ್ತು ನಿಮಿಷದ ಕೆಲಸ.

ಚೈನು ಕೊಳ್ಳುವಾಗ ಅಂಗಡಿಯವರು ಕೇಳುವುದು “ಎಷ್ಟು ಇಂಚಿಂದು?” ಎಂದು. ಅದೊಂದೇ ಸಾಲದು, ಮೂರು ಲೆಕ್ಕ ಬೇಕು. ಒಂದು ಪಿಚ್, ಅಂದರೆ ಸಾಲಾಗಿ ಮೂರು ರಿವೆಟ್ಟಿನ ನಡುವಿನ ದೂರದ ಅರ್ಧ. ಇನ್ನೊಂದು ಗೇಜ್, ಬಾರ್‌ನ ಜಾಡಿನಲ್ಲಿ ಓಡುವ ಡ್ರೈವ್ ಲಿಂಕಿನ ದಪ್ಪ. ಜಾಡಿಗಿಂತ ದಪ್ಪವಾದರೆ ಕೂರದು, ತೆಳುವಾದರೆ ಓಲಾಡುತ್ತದೆ. ಮೂರನೆಯದು ಆ ಲಿಂಕುಗಳ ಎಣಿಕೆ. ಬಹಳಷ್ಟು ಬಾರ್‌ಗಳ ಮೇಲೆ ಮೂರೂ ಕೊರೆದಿರುತ್ತವೆ. ಎಣ್ಣೆಜಿಡ್ಡು ಒರೆಸಿ ಓದಬೇಕಷ್ಟೆ. ಅಳಿಸಿಹೋಗಿದ್ದರೆ ಹಳೆಯ ಚೈನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ನಮ್ಮ ಕಡೆ ಈಗ 58 ಸಿಸಿಯ ಅಗ್ಗದ ಮಿಷನ್ನುಗಳು 22 ಇಂಚಿನ ಬಾರ್ ಹೊತ್ತು ಬರುತ್ತವೆ. ಉದ್ದ ಬಾರ್ ಇದ್ದರೆ ಮೀಸೆ ತಿರುವಿದಷ್ಟು ಖುಷಿ. ಆದರೆ .325 ಚೈನಿನಲ್ಲಿ 22 ಇಂಚಿಗೆ 86 ಲಿಂಕು, 43 ಹಲ್ಲು. 18 ಇಂಚಿಗೆ 72 ಲಿಂಕು, 36 ಹಲ್ಲು. ಬಾರ್ ಉದ್ದವಾದಷ್ಟೂ ಅರ ಹಾಕಬೇಕಾದ ಹಲ್ಲು ಹೆಚ್ಚು. ಬಚ್ಚಲೊಲೆಯ ಸೌದೆಗೆ ಬೇಕಾದದ್ದು ತೊಡೆದಪ್ಪದ ಅಕೇಶಿಯಾ, ಹಳೇ ಗೇರು, ಮುರಿದ ಹಲಸಿನ ಕೊಂಬೆ. ಅದಕ್ಕೆ 14 ಅಥವಾ 16 ಇಂಚು ಧಾರಾಳ. ಹಲ್ಲಿನ ಆಕಾರದಲ್ಲೂ ಎರಡು ಬಗೆ: ಮೂಲೆ ಚೂಪಾಗಿರುವ ಫುಲ್ ಚಿಸೆಲ್, ಮೂಲೆ ಉರುಟಾದ ಸೆಮಿ ಚಿಸೆಲ್. ಚೂಪು ಮೂಲೆಯದು ಚೊಕ್ಕ ಹಸಿಮರದಲ್ಲಿ ಕುದುರೆಯಂತೆ ಓಡುತ್ತದೆ. ಮಣ್ಣು ತಾಗಿದರೆ ಅಲ್ಲಿಗೇ ಕೂತಿತು. ಮಲೆನಾಡಿನ ಒರಲೆ, ಕೆಮ್ಮಣ್ಣು, ಒಣಗಟ್ಟಿ ಮರ ಇಷ್ಟನ್ನೂ ಸಹಿಸುವುದು ಸೆಮಿ ಚಿಸೆಲ್. ನನ್ನ ತೀರ್ಪು ಕೇಳಿದರೆ ಮನೆ ಸೌದೆಗೆ ಬೇರೆ ಯೋಚನೆಯೇ ಬೇಡ. ಎರಡು ಚೈನು ಇಟ್ಟುಕೊಂಡು ಬದಲಿಸುತ್ತ ಬಳಸಿ, ಬಾರನ್ನು ಆಗಾಗ ಮೇಲುಕೆಳಗು ತಿರುವಿ ಹಾಕಿ. ಅತಿ ಗಿಡ್ಡ ಹಲ್ಲು 4 ಮಿಲಿಮೀಟರಿಗೆ ಬಂದರೆ ಆ ಚೈನಿನ ಋಣ ತೀರಿತು.

ಎಣ್ಣೆಯ ವಿಚಾರದಲ್ಲಿ ಜಿಪುಣತನ ಬೇಡ. ಬೈಕಿನಿಂದ ಇಳಿಸಿದ ಕಪ್ಪು ಆಯಿಲನ್ನು ಚೈನಿಗೆ ಹಾಕುವ ಚಾಳಿ ಬಿಡಬೇಕು. ಅದರಲ್ಲಿರುವ ಲೋಹದ ಹುಡಿ ಪಂಪಿಗೂ ಬಾರಿಗೂ ಕೇಡು. ಪೆಟ್ರೋಲಿಗೆ 2ಟಿ ಆಯಿಲ್ ಕೆಲವು ಮಿಷನ್ನಿಗೆ ಲೀಟರಿಗೆ 20 ಮಿಲಿಲೀಟರ್, ಕೆಲವಕ್ಕೆ 40. ಪುಸ್ತಕ ನೋಡಿಯೇ ಬೆರೆಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ, ಮಾಸ್ತಿಕಟ್ಟೆಯ ಮಳೆಗಾಲದಲ್ಲಿ ಕೇಳಬೇಕೆ! ಟ್ಯಾಂಕು ಬರಿದು ಮಾಡಿ ಇಡಬೇಕು.

ಮಳೆಗಾಲವೆಂದರೆ ಇನ್ನೊಂದು ಕೆಲಸ ನೆನಪಾಗುತ್ತದೆ. ಘಾಟಿ ರಸ್ತೆಗೆ ಮರ ಬಿದ್ದಾಗ ಮೊದಲು ಬರುವುದು ಪಕ್ಕದ ಊರಿನ ಹುಡುಗರ ಮಿಷನ್. ಒಳ್ಳೆಯ ಮನಸ್ಸು, ಅಪಾಯದ ಕೆಲಸ. ಬಾಗಿ ನಿಂತ ಮರದ ಒಂದು ಬದಿ ಬಿಲ್ಲಿನಂತೆ ಬಿಗಿದಿರುತ್ತದೆ, ಇನ್ನೊಂದು ಬದಿ ಅದುಮಿಕೊಂಡಿರುತ್ತದೆ. ಅದುಮಿದ ಬದಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಬಿಗಿದ ಬದಿಗೆ ಬರಬೇಕು. ಅದೂ ಪಕ್ಕಕ್ಕೆ ನಿಂತು. ಬಾರ್‌ನ ಮೂತಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಹಾರುತ್ತದೆ. ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಬಿಗಿದಿರಲಿ, ಮಿಷನ್ ಭುಜದ ಮೇಲಕ್ಕೆ ಏರದಿರಲಿ. ಮೊಂಡು ಚೈನು ಹಿಡಿದು ಒತ್ತುವವರಿಗೇ ಈ ಪೆಟ್ಟು ಹೆಚ್ಚು. ಮತ್ತೆ, ಲುಂಗಿ ಎತ್ತಿಕಟ್ಟಿಕೊಂಡು ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವ ದೃಶ್ಯವನ್ನು ನಾನು ಹೋದ ವಾರವೂ ಕಂಡೆ. ಬೂಟು, ಗಟ್ಟಿ ಪ್ಯಾಂಟು, ಕನ್ನಡಕ, ಕಿವಿಗೆ ಮುಚ್ಚಳ ಇಷ್ಟಾದರೂ ಬೇಕು.

ಅಂದ ಹಾಗೆ, ಮಿಷನ್ ಕೈಯಲ್ಲಿದೆ ಎಂದು ಕಂಡ ಮರಕ್ಕೆಲ್ಲ ಹಚ್ಚುವಂತಿಲ್ಲ. ಸೊಪ್ಪಿನ ಬೆಟ್ಟದ ಮರ ಇರಲಿ, ಸ್ವಂತ ಹಿಡುವಳಿಯ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿಕೊಂಡರೆ ಆಮೇಲಿನ ಓಡಾಟ ತಪ್ಪುತ್ತದೆ.

ಈ ಬೇಸಿಗೆಯಲ್ಲಿ ಮಿಷನ್ ಕೊಳ್ಳುವ ಯೋಚನೆ ಇದ್ದರೆ, ಅದೇ ಬಿಲ್ಲಿನಲ್ಲಿ ನಿಮ್ಮ ಚೈನಿನ ಅಳತೆಯ ಎರಡು ಉರುಟು ಅರ, ಒಂದು ಚಪ್ಪಟೆ ಅರ, ಒಂದು ಗೇಜು ತಗಡು ಬರೆಸಿ. ಕೇಳದೆ ಯಾರೂ ಕೊಡುವುದಿಲ್ಲ. ಅರಕ್ಕೊಂದು ಮರದ ಹಿಡಿ ಹಾಕಿಸುವುದನ್ನೂ ಮರೆಯಬೇಡಿ. ಹಿಡಿಯಿಲ್ಲದ ಅರದ ಬಾಲ ಅಂಗೈಗೆ ಚುಚ್ಚಿದ ಕಲೆ ನನ್ನ ಬಲಗೈಯಲ್ಲಿ ಇನ್ನೂ ಇದೆ.