ಬರದ ಸೀಮೆಯಿಂದ ಕಡಲಿಗೆ
(ಒಬ್ಬ ನಿವೃತ್ತ ನಾವಿಕನ ನೆನಪುಗಳು)

ನನ್ನ ಮೊಮ್ಮಗಳು ಈ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಗಣಿತ, ಭೌತವಿಜ್ಞಾನಗಳಲ್ಲಿ ಒಳ್ಳೆಯ ಅಂಕಗಳೇ ಬಂದವು. ಮುಂದೆ ಏನು ಓದಿಸಬೇಕೆಂದು ಮನೆಯವರೆಲ್ಲರೂ ಆಲೋಚಿಸುತ್ತಿರುವಾಗ, ತಾನು ನೌಕಾದಳಕ್ಕೆ ಸೇರುವೆನೆಂದು ಒಂದು ಸಂಜೆ ಆಕೆಯೇ ತಿಳಿಸಿದಳು. ನನ್ನ ಸೊಸೆಯು ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಫಿಯನ್ನು ತಂದು ನನ್ನ ಮುಂದಿಟ್ಟು, “ಮಾವ, ಅವಳಿಗೆ ಈ ಹುಚ್ಚು ಹಿಡಿದದ್ದು ನಿಮ್ಮ ಕಥೆಗಳನ್ನು ಕೇಳಿ. ಬಿಡಿಸುವುದೂ ನಿಮ್ಮಿಂದಲೇ ಆಗಬೇಕು” ಎಂದಳು.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಹದಿನೇಳು ವರ್ಷಗಳ ಕಾಲ ನೌಕಾದಳದಲ್ಲಿದ್ದ ನಾನು ಮನೆಯ ಮಕ್ಕಳಿಗೆ ಹೇಳಿದುದೆಲ್ಲವೂ ಬಂದರುಗಳ ಕಥೆ, ಬಿರುಗಾಳಿಯ ಕಥೆ, ಹಾರುವ ಮೀನುಗಳ ಕಥೆ. ಹೇಳದೆ ಉಳಿಸಿಕೊಂಡುದು ಬೇರೆಯೇ ಇದೆ. ಅದನ್ನೂ ಹೇಳಿದ ಹೊರತು ಆ ಹುಡುಗಿಗೆ ಹೋಗೆಂದಾಗಲಿ ಬೇಡವೆಂದಾಗಲಿ ಹೇಳುವ ಅಧಿಕಾರವು ನನಗಿಲ್ಲವೆಂದು ತೋರಿತು. ಆಕೆಯನ್ನೂ ಆಕೆಯ ತಾಯಿಯನ್ನೂ ಕೂರಿಸಿಕೊಂಡು ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ದೂರದ ಕೆಲಸಗಳಿಗೆ ಕಳುಹಿಸಬೇಕಾದ ಗೃಹಸ್ಥರಿಗೆ ಇದರಿಂದ ಏನಾದರೂ ಪ್ರಯೋಜನವಾದರೆ ನನ್ನ ಶ್ರಮವು ಸಾರ್ಥಕ.

ನಮ್ಮದು ತುಮಕೂರು ಜಿಲ್ಲೆಯ ಶಿರಾ ಸೀಮೆಯ ಒಂದು ಹಳ್ಳಿ. ಕೆರೆಯು ಕೋಡಿ ಬಿದ್ದ ವರ್ಷವನ್ನು ಜನರು ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುವ ನಾಡು ಅದು. 1965ರಲ್ಲಿಯೂ 1966ರಲ್ಲಿಯೂ ಮಳೆಯು ಕೈಕೊಟ್ಟಿತು. ಎತ್ತುಗಳು ಸಂತೆಯ ಪಾಲಾದುವು. ಬಾವಿಯ ತಳದಲ್ಲಿ ಒರತೆ ತುಂಬುವವರೆಗೆ ಕಾದಿದ್ದು ಒಂದೊಂದೇ ಕೊಡ ನೀರನ್ನು ಸೇದಿ ತರುವುದು ನನ್ನ ನಿತ್ಯದ ಕೆಲಸವಾಗಿತ್ತು. 1968ರಲ್ಲಿ ನನಗೆ ಹದಿನಾರು ವರ್ಷ. ನೌಕಾದಳಕ್ಕೆ ಹುಡುಗರನ್ನು ತೆಗೆದುಕೊಳ್ಳುವರೆಂಬ ಸುದ್ದಿಯನ್ನು ನಮ್ಮ ಶಾಲೆಯ ಮೇಷ್ಟರು ತಿಳಿಸಿದರು. ದೇಶಸೇವೆಯ ಹಂಬಲದಿಂದ ಸೇರಿದೆನೆಂದು ಹೇಳಿದರೆ ಸುಳ್ಳಾದೀತು. ಎರಡು ಹೊತ್ತಿನ ಊಟ, ಮೈಮೇಲೆ ಬಟ್ಟೆ, ತಿಂಗಳಿಗೊಮ್ಮೆ ಸಂಬಳ, ಈ ಮೂರಕ್ಕಾಗಿ ನಾನು ಹೋದೆನು. ದೇಶವೆಂಬುದರ ಅರ್ಥವು ಆಮೇಲೆ, ಕೆಲಸ ಮಾಡುತ್ತ ಮಾಡುತ್ತ, ತಿಳಿಯಿತು.

ಬೆಂಗಳೂರಿನಲ್ಲಿ ಎತ್ತರವನ್ನೂ ಎದೆಯ ಸುತ್ತನ್ನೂ ಅಳೆದರು. ಕಣ್ಣು, ಕಿವಿ, ಹಲ್ಲುಗಳನ್ನು ಪರೀಕ್ಷಿಸಿದರು. ಕೆಲವು ಲೆಕ್ಕಗಳನ್ನು ಕೊಟ್ಟರು. ಪ್ರಾಯಕ್ಕೆ ಬಾರದ ಹುಡುಗನಾದುದರಿಂದ ತಂದೆಯ ಒಪ್ಪಿಗೆಯು ಬೇಕಾಗಿತ್ತು. ಅಪ್ಪನು ಕಾಗದಕ್ಕೆ ಹೆಬ್ಬೆಟ್ಟನ್ನೊತ್ತಿದನು. ಅವ್ವನಿಗೆ ಮಾತ್ರ ನಾವು ನಿಜವನ್ನು ಹೇಳಲಿಲ್ಲ. ಆಕೆಯ ತಮ್ಮನೊಬ್ಬನು ಚಿಕ್ಕಂದಿನಲ್ಲಿಯೇ ಕೆರೆಯಲ್ಲಿ ಮುಳುಗಿ ಸತ್ತಿದ್ದನು. ನೀರಿನ ಮೇಲಿನ ಕೆಲಸವೆಂದರೆ ಆಕೆ ಬಾಗಿಲನ್ನು ದಾಟಗೊಡುವುದಿಲ್ಲವೆಂದು ಹೆದರಿ, “ಸರ್ಕಾರದ ಕೆಲಸ, ರೈಲಿನಲ್ಲಿ ಹೋಗಬೇಕು” ಎಂದಷ್ಟೇ ಹೇಳಿದೆವು. ಮಗನಿಗೆ ರೈಲ್ವೆಯಲ್ಲಿ ಕೆಲಸವಾಯಿತೆಂದು ತಿಳಿದು ಆಕೆಯು ಹುರಿಗಾಳನ್ನು ಕಟ್ಟಿಕೊಟ್ಟಳು.

ಆ ಕಾಲದಲ್ಲಿ ಹುಡುಗರಿಗೆ ತರಬೇತಿಯು ವಿಶಾಖಪಟ್ಟಣದಲ್ಲಿ ನಡೆಯುತ್ತಿತ್ತು. ಮದರಾಸಿನ ಮಾರ್ಗವಾಗಿ ರೈಲಿನಲ್ಲಿ ಹೋಗಿ ವಾಲ್ಟೇರ್ ನಿಲ್ದಾಣದಲ್ಲಿ ಇಳಿದೆವು. ಸಮುದ್ರವನ್ನು ನಾನು ಮೊಟ್ಟಮೊದಲು ನೋಡಿದುದು ಅಲ್ಲಿಯೇ. ಇಷ್ಟೊಂದು ನೀರು ಯಾರಿಗೂ ಬೇಡವಾಗಿ ಬಿದ್ದಿದೆಯಲ್ಲಾ ಎಂಬ ಆಶ್ಚರ್ಯವೊಂದೇ ಆಗ ನನ್ನ ಮನಸ್ಸಿಗೆ ಬಂದುದು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತಿದ್ದವನಾದುದರಿಂದ ಈಜಿನ ಪರೀಕ್ಷೆಗೆ ಹೆದರಲಿಲ್ಲ. ಆದರೆ ಬಾವಿಯ ನೀರು ಸುಮ್ಮನಿರುವುದು, ಕಡಲಿನ ನೀರು ಎಳೆದಾಡುವುದು. ಹುಟ್ಟುಹಾಕುವುದು, ಹಗ್ಗದ ಗಂಟುಗಳು, ಬಾವುಟದ ಸಂಜ್ಞೆಗಳು, ಕವಾಯತು ಇವುಗಳಲ್ಲಿ ದಿನಗಳು ಕಳೆದುವು. ನನ್ನ ಪಕ್ಕದ ಮಂಚದಲ್ಲಿ ಆಂಧ್ರದ ಕಡೆಯ ಹುಡುಗನೊಬ್ಬನು ಮಲಗುತ್ತಿದ್ದನು. ಅವನ ತೆಲುಗು ನನಗೂ ನನ್ನ ಕನ್ನಡವು ಅವನಿಗೂ ಅರ್ಧರ್ಧ ತಿಳಿಯುತ್ತಿತ್ತು; ಗೆಳೆತನಕ್ಕೆ ಅಷ್ಟು ಸಾಕಾಯಿತು.

ಬಳಿಕ ನಮ್ಮಿಬ್ಬರನ್ನೂ ಯಂತ್ರಶಾಖೆಗೆ ಹಾಕಿ, ಲೋಣಾವಳದಲ್ಲಿರುವ ‘ಶಿವಾಜಿ’ ಎಂಬ ತರಬೇತಿ ಸಂಸ್ಥೆಗೆ ಕಳುಹಿಸಿದರು. ಬಾಯ್ಲರಿನ ಕೆಲಸದವರನ್ನು ಹಳೆಯ ರೂಢಿಯಂತೆ ‘ಸ್ಟೋಕರ್’ ಎಂದು ಕರೆಯುತ್ತಿದ್ದರು. ಮುಂಚೆ ಒಲೆಗೆ ಕಲ್ಲಿದ್ದಲನ್ನು ತುಂಬುವವನಿಗೆ ಆ ಹೆಸರಿತ್ತು. ನಮ್ಮ ಕಾಲಕ್ಕೆ ಎಣ್ಣೆಯ ಉರಿ ಬಂದಿತ್ತು. ಆ ಉರಿಯಿಂದ ನೀರನ್ನು ಆವಿಯಾಗಿ ಮಾಡಿ, ಆವಿಯ ಬಲದಿಂದ ಟರ್ಬೈನನ್ನು ತಿರುಗಿಸಿ, ಅದರಿಂದ ಹಡಗಿನ ತಿರುಪುರೆಕ್ಕೆಯನ್ನು ನಡೆಸುವುದು ಕ್ರಮ.

ಗೃಹಿಣಿಯರಿಗೆ ವಿಚಿತ್ರವೆಂದು ತೋರಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದು ಕುಡಿಯುವುದಕ್ಕೂ ಆಗದು, ಬಾಯ್ಲರಿಗೂ ಆಗದು. ಉಪ್ಪುನೀರು ಬಾಯ್ಲರಿನ ಕೊಳವೆಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ಅವುಗಳನ್ನು ಕೆಡಿಸುವುದು. ಆದಕಾರಣ ಹಡಗಿನಲ್ಲಿಯೇ ಕಡಲಿನ ನೀರನ್ನು ಕಾಯಿಸಿ, ಬಂದ ಆವಿಯನ್ನು ತಣಿಸಿ, ಸಿಹಿನೀರನ್ನು ಮಾಡಿಕೊಳ್ಳುತ್ತಿದ್ದೆವು. ಹಾಗೆ ಬಂದ ನೀರಿನಲ್ಲಿ ಮೊದಲ ಪಾಲು ಬಾಯ್ಲರಿಗೆ; ಮನುಷ್ಯರ ಪಾಲು ಆಮೇಲೆ. ನೀರು ಕಡಮೆಯಾದ ದಿನ ಸ್ನಾನವು ನಿಲ್ಲುವುದು. ನೀರಿಲ್ಲದ ಊರನ್ನು ಬಿಟ್ಟು ಹೋದವನು ಸುತ್ತಲೂ ನೀರೇ ಇರುವಲ್ಲಿ ಮತ್ತೆ ತಂಬಿಗೆಯ ಲೆಕ್ಕದಲ್ಲಿ ಬದುಕಬೇಕಾಯಿತು. ನನ್ನ ಜೊತೆಯವರು ಗೊಣಗಿದರು. ನನಗೆ ಅದು ಮನೆಯ ಅಭ್ಯಾಸವೇ ಆಗಿತ್ತು.

ಮೊದಲ ಪ್ರಯಾಣದಲ್ಲಿ ಮೂರು ದಿನ ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಮೇಲಿನ ಅಟ್ಟದಲ್ಲಿರುವವನು ದಿಗಂತವನ್ನಾದರೂ ದಿಟ್ಟಿಸಿ ನೋಡಿ ತಲೆಸುತ್ತನ್ನು ತಡೆದುಕೊಳ್ಳಬಹುದು. ಬಾಯ್ಲರು ಕೋಣೆಯಲ್ಲಿ ದಿಗಂತವೆಲ್ಲಿಯದು? ನಾಲ್ಕು ಕಡೆ ಕಬ್ಬಿಣ, ಎಣ್ಣೆಯ ವಾಸನೆ, ಒಲೆಯ ಕಾವು. ನಮ್ಮ ಮೇಲಿನ ಹಿರಿಯ ನಾವಿಕನೊಬ್ಬನು ಒಣ ಚಪಾತಿಯೊಂದನ್ನು ಕೈಗಿಟ್ಟು, “ಹೊಟ್ಟೆಯನ್ನು ಬರಿದಾಗಿ ಬಿಡಬೇಡ. ವಾಂತಿಯಾದರೆ ಆಗಲಿ, ಗಾಜಿನ ಮೇಲಿನ ಕಣ್ಣನ್ನು ಮಾತ್ರ ತೆಗೆಯಬೇಡ” ಎಂದನು.

ಗಾಜೆಂದರೆ ಬಾಯ್ಲರಿನೊಳಗಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆ. ನೀರು ತೀರ ಇಳಿದರೆ ಕೊಳವೆಗಳು ಬೆಂದು ಹೋಗುವುವು. ತೀರ ಏರಿದರೆ ನೀರು ಆವಿಯೊಡನೆ ಹೋಗಿ ಟರ್ಬೈನಿನ ಅಲಗುಗಳನ್ನು ಮುರಿಯುವುದು. ಉರಿಯು ಸರಿಯಾಗಿರದಿದ್ದರೆ ಹೊಗೆಯು ಕಪ್ಪಾಗಿ, ಹಡಗಿರುವ ಎಡೆಯನ್ನು ಬಹುದೂರದಿಂದಲೇ ಶತ್ರುವಿಗೆ ತೋರಿಸಿಕೊಡುವುದು. ಹೀಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಕಣ್ಣಿನ ಮೇಲೆ ಇಡೀ ಹಡಗಿನವರ ಪ್ರಾಣವು ನಿಂತಿರುತ್ತಿತ್ತು. ಮೇಲಿರುವವರಿಗೆ ನಮ್ಮ ಮುಖವೇ ತಿಳಿಯದು. ಆದರೂ ಅವರು ನಮ್ಮನ್ನು ನಂಬಿ ನಿದ್ದೆ ಮಾಡುತ್ತಿದ್ದರು. ನಮ್ಮ ಪಾಳಿ ಮುಗಿದ ಮೇಲೆ ಅವರನ್ನು ನಂಬಿ ನಾವು ನಿದ್ದೆ ಮಾಡುತ್ತಿದ್ದೆವು.

ಪಾಳಿಯ ಏರ್ಪಾಡು ಸೊಗಸಾದುದು. ನಮ್ಮ ಹಿರಿಯರ ಜಾವವು ಮೂರು ಗಂಟೆಗಳದು; ಹಡಗಿನ ಪಾಳಿಯು ನಾಲ್ಕು ಗಂಟೆಗಳದು. ಸಂಜೆ ನಾಲ್ಕರಿಂದ ಎಂಟರವರೆಗಿನ ಕಾಲವನ್ನು ಮಾತ್ರ ಎರಡೆರಡು ಗಂಟೆಗಳ ಎರಡು ಪಾಳಿಗಳಾಗಿ ಒಡೆಯುವರು. ಇದರಿಂದ ದಿನಕ್ಕೆ ಏಳು ಪಾಳಿಗಳಾಗಿ, ಸರದಿಯು ದಿನದಿನಕ್ಕೂ ಜರುಗುವುದು. ನಡುರಾತ್ರಿಯ ಪಾಳಿಯು ನಿತ್ಯವೂ ಒಬ್ಬನ ಪಾಲಿಗೇ ಬೀಳುವುದಿಲ್ಲ. ಕಷ್ಟವನ್ನು ಎಲ್ಲರಿಗೂ ಸಮನಾಗಿ ಹಂಚುವ ಈ ಉಪಾಯವನ್ನು ಮನೆಗಳಲ್ಲಿಯೂ ಅನುಸರಿಸಿದರೆ, ಬೆಳಗಿನ ಐದು ಗಂಟೆಗೆ ಏಳುವುದು ಒಬ್ಬಳದೇ ಹಣೆಬರಹವಾಗದೆಂದು ನಾನು ಆಗಾಗ ಯೋಚಿಸಿದುದುಂಟು.

ಈಗ ಮಕ್ಕಳಿಗೆ ಹೇಳದೆ ಉಳಿಸಿದ್ದ ಮಾತಿಗೆ ಬರುತ್ತೇನೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದುವು. ಆ ದಿನವನ್ನೇ ಇಂದಿಗೂ ನೌಕಾದಿನವೆಂದು ಆಚರಿಸುತ್ತಾರೆ. ನಾನಿದ್ದ ಹಡಗು ಅರಬ್ಬೀ ಸಮುದ್ರದಲ್ಲಿತ್ತು. ಯುದ್ಧಸ್ಥಾನಗಳಿಗೆ ಕರೆ ಬಂದೊಡನೆ ಒಂದು ಕೋಣೆಗೆ ನುಗ್ಗಿದ ನೀರು ಇನ್ನೊಂದಕ್ಕೆ ಹರಿಯದಂತೆ ಕಬ್ಬಿಣದ ಬಾಗಿಲುಗಳನ್ನೂ ಮುಚ್ಚಳಗಳನ್ನೂ ಬಿಗಿಯುವರು. ನಮ್ಮ ತಲೆಯ ಮೇಲಿನ ಮುಚ್ಚಳವೂ ಬಿಗಿಯುತ್ತಿತ್ತು. ಹಡಗನ್ನುಳಿಸಲು ಅದು ಅವಶ್ಯವೆಂದು ಬುದ್ಧಿಗೆ ತಿಳಿದಿತ್ತು. ಆದರೆ ಆ ಶಬ್ದವನ್ನು ಕೇಳಿದಾಗ ಹೊಟ್ಟೆಯೊಳಗೆ ಆಗುತ್ತಿದ್ದುದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಡಿಸೆಂಬರ್ 9ರ ರಾತ್ರಿ, ದಿಯುವಿನ ಆಚೆಯ ಕಡಲಿನಲ್ಲಿ, ಐ.ಎನ್.ಎಸ್. ಖುಕ್ರಿ ಎಂಬ ನಮ್ಮ ಯುದ್ಧನೌಕೆಯನ್ನು ಪಾಕಿಸ್ತಾನದ ‘ಹ್ಯಾಂಗೋರ್’ ಎಂಬ ಜಲಾಂತರ್ಗಾಮಿಯು ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮೃತರಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಡದೆ ಅದರೊಡನೆಯೇ ಹೋದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಕೊಡಲಾಯಿತು. ವಿಶಾಖಪಟ್ಟಣದಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಆಂಧ್ರದ ಗೆಳೆಯನು ಆ ಹಡಗಿನಲ್ಲಿದ್ದನು. ಅವನೂ ನನ್ನಂತೆಯೇ ಗಾಜನ್ನು ಕಾಯುವವನು. ಅವನ ಸುದ್ದಿಯು ನನಗೆ ಯುದ್ಧವು ಮುಗಿದ ಮೇಲೆ ತಿಳಿಯಿತು.

ಇತ್ತ ಊರಿನಲ್ಲಿ ನಡೆದುದು ಇದು. ನಾನು ಮೊದಲ ರಜೆಯಲ್ಲಿ ಬಂದಾಗಲೇ ನನ್ನ ಕೆಲಸವೇನೆಂಬುದು ಅವ್ವನಿಗೆ ತಿಳಿದುಹೋಗಿತ್ತು. ಎರಡು ದಿನ ಆಕೆಯು ನನ್ನೊಡನೆ ಮಾತನಾಡಿರಲಿಲ್ಲ. ಈಗ ನಮ್ಮ ಹಡಗೊಂದು ಮುಳುಗಿತೆಂಬ ಸುದ್ದಿಯು ರೇಡಿಯೋದಲ್ಲಿ ಬಂದಿತು. ಮಗನಿರುವ ಹಡಗು ಯಾವುದೆಂಬುದು ಆಕೆಗೆ ತಿಳಿಯದು. ಬೊಂಬಾಯಿಯ ಫ್ಲೀಟ್ ಮೇಲ್ ಆಫೀಸಿನ ವಿಳಾಸವಿದ್ದ ನನ್ನ ಕಾಗದಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಆಕೆಯು ಮೇಷ್ಟರ ಮನೆಗೆ ಹೋದಳು. ಅವರು ಒಂದೊಂದನ್ನೇ ತಿರುಗಿಸಿ, ಹಡಗಿನ ಹೆಸರನ್ನು ಓದಿ, “ಇದು ಅದಲ್ಲ ತಾಯಿ” ಎಂದರು. ಓದುಬಾರದ ಆಕೆಯು ಅವರು ತನ್ನ ಸಮಾಧಾನಕ್ಕಾಗಿ ಹಾಗೆ ಹೇಳಿದರೆಂದೇ ತಿಳಿದಳು. ನನ್ನ ಮುಂದಿನ ಕಾಗದವು ಊರನ್ನು ಮುಟ್ಟುವವರೆಗೂ ದಿನವೂ ಸಂಜೆ ಬಸ್ಸು ನಿಲ್ಲುವ ಅರಳಿಕಟ್ಟೆಯ ಬಳಿ ಹೋಗಿ ಕುಳಿತಿರುತ್ತಿದ್ದಳಂತೆ.

1972ರಲ್ಲಿ ರಜೆಗೆ ಬಂದಾಗ ಅಪ್ಪನು ಇದನ್ನು ನನಗೆ ತಿಳಿಸಿದನು. ನಾನು ಅವ್ವನ ಬಳಿ ಕುಳಿತು ತಪ್ಪಾಯಿತೆಂದೆನು. ಆಕೆಯು ರಾಗಿಯನ್ನು ಕೇರುತ್ತಿದ್ದವಳು ಮೊರವನ್ನು ಕೆಳಗಿಟ್ಟು, “ಹೋದದ್ದಕ್ಕೆ ನನಗೆ ಸಿಟ್ಟಿಲ್ಲ ಕಣಪ್ಪ. ಹೇಳಿ ಹೋಗಿದ್ದರೆ, ಅತ್ತುಕೊಂಡೋ ಕರೆದುಕೊಂಡೋ, ನಾನೂ ಕಳಿಸಿಕೊಟ್ಟೆ ಅಂತ ಇರುತ್ತಿತ್ತು. ನೀವಿಬ್ಬರೇ ಸೇರಿಕೊಂಡು ನನ್ನನ್ನು ಹೊರಗಿಟ್ಟಿರಿ” ಎಂದಳು. ಯುದ್ಧಕಾಲದಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ನಿಂತು ನಾನು ಪಟ್ಟ ಭಯಕ್ಕಿಂತ ಆ ಮಾತು ನನಗೆ ಭಾರವಾಗಿದೆ.

ನಾನು 1985ರಲ್ಲಿ ನಿವೃತ್ತನಾದೆನು. ಆ ಸಂಬಳದಿಂದ ತಂಗಿಯರ ಮದುವೆಯಾಯಿತು, ಹೊಲದಲ್ಲಿ ಬಾವಿಯಾಯಿತು. ಬರುತ್ತಿರುವ ನಿವೃತ್ತಿವೇತನದಿಂದ ಇಂದಿಗೂ ಯಾರ ಮುಂದೆಯೂ ಕೈಚಾಚದೆ ಇದ್ದೇನೆ. ಮೊಮ್ಮಗಳ ಕಾಲದ ಕರಾರು ಬೇರೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆಯು ನಾಲ್ಕು ವರ್ಷ. ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಖಾಯಂ ಸೇವೆಗೆ ತೆಗೆದುಕೊಳ್ಳುವರೆಂದೂ, ಉಳಿದವರು ಸುಮಾರು 11.7 ಲಕ್ಷ ರೂಪಾಯಿಗಳ ಇಡಿಗಂಟಿನೊಡನೆ, ನಿವೃತ್ತಿವೇತನವಿಲ್ಲದೆ, ಮನೆಗೆ ಮರಳುವರೆಂದೂ ಆಗ ತಿಳಿಸಿದರು. ತರಬೇತಿಯು ಒಡಿಶಾದ ಚಿಲ್ಕಾದಲ್ಲಿ. 2023ರ ಮಾರ್ಚಿಯಲ್ಲಿ ಅಲ್ಲಿಂದ ಹೊರಬಂದ ಮೊದಲ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು. ಇದೆಲ್ಲವನ್ನೂ ನಾನು ತಾಯಿಮಗಳ ಎದುರಿಗೆ, ಏನನ್ನೂ ಮುಚ್ಚಿಡದೆ, ಲಾಭನಷ್ಟಗಳೆರಡನ್ನೂ ಎಣಿಸಿ ಹೇಳಿದೆನು.

ಕೊನೆಗೆ ಮೊಮ್ಮಗಳು, “ತಾತ, ಹೋಗಲೋ ಬೇಡವೋ, ಅದನ್ನು ಹೇಳು” ಎಂದಳು. “ಅದನ್ನು ನಿನ್ನ ಅಮ್ಮನೊಡನೆ ಕುಳಿತು ನಿಶ್ಚಯಿಸು. ಆಕೆಯು ಬೇಡವೆಂದರೆ ಏಕೆಂದು ಕೇಳು. ಒಪ್ಪಿದರೆ ಏನನ್ನು ಒಪ್ಪುತ್ತಿದ್ದಾಳೆಂಬುದು ಆಕೆಗೆ ತಿಳಿದಿರಲಿ. ನನ್ನಂತೆ ಮಾತ್ರ ಹೋಗಬೇಡ” ಎಂದೆನು.

ಎಂಟು ದಿನ ಮನೆಯಲ್ಲಿ ಆ ಮಾತೇ ಬರಲಿಲ್ಲ. ಒಂಬತ್ತನೆಯ ದಿನ ರಾತ್ರಿ, ಮುದ್ದೆಯನ್ನು ಬಡಿಸುತ್ತ, ನನ್ನ ಸೊಸೆಯು ಮಗಳನ್ನು, “ಅಲ್ಲಿ ಕುಡಿಯುವ ನೀರಿಗೆ ಈಗಲೂ ಕಡಲನ್ನೇ ಕಾಯಿಸುತ್ತಾರೇನೇ?” ಎಂದು ಕೇಳಿದಳು. ಉಪ್ಪುನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಸಿಹಿ ಮಾಡುವ ಈಗಿನ ಬಗೆಯನ್ನು ಹುಡುಗಿಯು ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸತೊಡಗಿದಳು. ತಾಯಿಯು ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತ ನಿಂತಿದ್ದಳು.