ನೆಲ ಮತ್ತು ಗೋಡೆಗಳಿಗೆ ಟೈಲು ಕೂರಿಸುವ ಕ್ರಮ: ಬಳ್ಳಾರಿ ಪ್ರದೇಶವನ್ನು ಕುರಿತು ಒಂದು ವಿವೇಚನೆ

ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯಲ್ಲಾಗಲಿ, ಸಿರುಗುಪ್ಪ ಕುರುಗೋಡುಗಳ ಕಡೆಯಲ್ಲಾಗಲಿ, ಇಂದು ಮನೆ ಕಟ್ಟಿಸುವವರು ನೆಲಕ್ಕೂ ಬಚ್ಚಲಿನ ಗೋಡೆಗೂ ಟೈಲು ಹಾಕಿಸುವುದು ವಾಡಿಕೆಯಾಗಿದೆ. ಹಿಂದೆ ಈ ಸೀಮೆಯಲ್ಲಿ ನೆಲಕ್ಕೆ ಒದಗುತ್ತಿದ್ದವು ಕಡಪದ ಕಪ್ಪು ಕಲ್ಲು, ಶಹಾಬಾದಿನ ಕಲ್ಲು ಮತ್ತು ಗಾರೆ. ಸಾಮಗ್ರಿ ಬದಲಾಯಿತು, ಆದರೆ ಅದನ್ನು ಕೂರಿಸುವ ಕೈಯ ಅಭ್ಯಾಸ ಅನೇಕ ಕಡೆಗಳಲ್ಲಿ ಹಳೆಯದಾಗಿಯೇ ಉಳಿಯಿತು. ಹೀಗಾಗಿ ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ನಡೆದರೆ ಟೊಳ್ಳು ದನಿ ಬರುವ ನೆಲವನ್ನೂ, ಬೇಸಗೆಯ ಒಂದು ಮಧ್ಯಾಹ್ನ ಸದ್ದು ಮಾಡಿ ಗುಡಾರದಂತೆ ಮೇಲೆದ್ದ ಟೈಲುಗಳನ್ನೂ ಕಾಣುವಂತಾಗುತ್ತದೆ. ಮನೆಯವರು ಟೈಲನ್ನು ದೂರುತ್ತಾರೆ, ಅಂಗಡಿಯವರು ಮೇಸ್ತ್ರಿಯನ್ನು ದೂರುತ್ತಾರೆ. ಒಂದು ಸಂಸಾರದ ಹಲವು ವರ್ಷಗಳ ಉಳಿತಾಯವೂ ಒಬ್ಬ ಕೆಲಸಗಾರನ ಒಳ್ಳೆಯ ಹೆಸರೂ ಒಟ್ಟಿಗೆ ಹೋಗುವ ಈ ಸಂದರ್ಭದ ಕಾರಣವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಮೊದಲು ಟೈಲಿನ ಗುಣವನ್ನು ತಿಳಿಯಬೇಕು. ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಓ. 13006 ಟೈಲುಗಳನ್ನು ಅವು ಹೀರುವ ನೀರಿನ ಪ್ರಮಾಣವನ್ನು ಅನುಸರಿಸಿ ವರ್ಗೀಕರಿಸುತ್ತದೆ. ಗೋಡೆಯ ಸಾಮಾನ್ಯ ಟೈಲು ತನ್ನ ತೂಕದ ನೂರಕ್ಕೆ 10 ಭಾಗಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲುದು. ವಿಟ್ರಿಫೈಡ್ ಎಂದು ಕರೆಯಲಾಗುವ ನೆಲದ ಟೈಲು ಹೀರುವುದು ನೂರಕ್ಕೆ ಅರ್ಧ ಭಾಗವನ್ನು ಮೀರದು. ಟೈಲಿನ ಹಿಂಬದಿಗೆ ಒಂದು ತೊಟ್ಟು ನೀರು ಹಾಕಿ ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ಗೋಚರವಾಗುತ್ತದೆ: ಒಂದರಲ್ಲಿ ತೊಟ್ಟು ಬೇಗನೆ ಇಂಗಿ ಹೋಗುತ್ತದೆ, ಇನ್ನೊಂದರಲ್ಲಿ ಹಾಗೆಯೇ ನಿಲ್ಲುತ್ತದೆ.

ಹಳೆಯ ಕ್ರಮವು ಹೀರುವ ಟೈಲಿಗಾಗಿ ಹುಟ್ಟಿದುದು. ಅದನ್ನು ನೀರಲ್ಲಿ ನೆನೆಹಾಕುತ್ತಿದ್ದುದು ಗಾರೆಯ ನೀರನ್ನು ಅದು ಸೆಳೆದುಕೊಳ್ಳಬಾರದೆಂದು. ಸಿಮೆಂಟಿನ ಸೂಕ್ಷ್ಮಾಂಶಗಳು ಅದರ ರಂಧ್ರಗಳನ್ನು ಹೊಕ್ಕು ಗಟ್ಟಿಯಾಗಿ ಹಿಡಿತವನ್ನು ಕೊಡುತ್ತಿದ್ದವು. ವಿಟ್ರಿಫೈಡ್ ಟೈಲಿನಲ್ಲಿ ಅಂತಹ ರಂಧ್ರಗಳು ಇಲ್ಲದಂತೆಯೇ ಸರಿ. ಅದನ್ನು ನೆನೆಹಾಕಿದರೆ ಪ್ರಯೋಜನವಿಲ್ಲ. ಹಿಂಬದಿಯಲ್ಲಿ ಉಳಿದ ನೀರಿನ ಪೊರೆ ಹಿಡಿತವನ್ನು ಇನ್ನೂ ಕುಗ್ಗಿಸುತ್ತದೆ. ಇದಕ್ಕೆಂದೇ ತಯಾರಿಸಿದ, ಪಾಲಿಮರ್ ಬೆರೆತ ಅಂಟುಗಾರೆಯನ್ನು ಬಳಸುವುದು ಯುಕ್ತ. ಭಾರತೀಯ ಮಾನಕ 15477 ಇಂತಹ ಅಂಟುಗಳನ್ನೇ ಕುರಿತದ್ದು.

ಎರಡನೆಯ ವಿಚಾರ ಕೆಳಗಿನ ನೆಲದ್ದು. ಸಿರುಗುಪ್ಪ ಕುರುಗೋಡುಗಳ ಸುತ್ತ ವಿಸ್ತಾರವಾಗಿ ಹರಡಿರುವ ಎರೆಮಣ್ಣು ನೀರು ಸೇರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ತುಂಗಭದ್ರಾ ಕಾಲುವೆಯ ನೀರಾವರಿಯಿರುವ ಕಡೆ ತೇವದ ಈ ಏರಿಳಿತವನ್ನು ವಿಶೇಷವಾಗಿ ಗಮನಿಸಬೇಕು. ಇಂತಹ ಮಣ್ಣಿನ ಮೇಲೆ ನೇರವಾಗಿ ಹಾಸಿದ ನೆಲ ಯಾವ ಅಂಟಿನಿಂದಲೂ ನಿಲ್ಲಲಾರದು. ಆದುದರಿಂದ ಪಾಯದ ಒಳಗಿನ ಎರೆಮಣ್ಣನ್ನು ಸಾಧ್ಯವಾದಷ್ಟು ಆಳಕ್ಕೆ ತೆಗೆದು, ಗರಸನ್ನು 15ರಿಂದ 20 ಸೆಂಟಿಮೀಟರಿನ ಪದರಗಳಾಗಿ ತುಂಬಿ, ನೀರು ಹಾಕಿ ದಿಮ್ಮಸಿನಿಂದ ಬಡಿದು, ಅದರ ಮೇಲೆ ಕಾಂಕ್ರೀಟು ಹಾಸತಕ್ಕದ್ದು.

ಹೊಸ ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ ಎಂಬುದು ಮೂರನೆಯ ವಿಚಾರ. ಭಾರತೀಯ ಮಾನಕ 456 ಈ ಕುಗ್ಗುವಿಕೆಯನ್ನು ಅಂದಾಜಿಗಾಗಿ 0.0003 ಎಂದು ಹಿಡಿಯುತ್ತದೆ. ಎಂದರೆ 6 ಮೀಟರ್ ಉದ್ದದ ಹಾಸು 1.8 ಮಿಲಿಮೀಟರ್ ಕಡಿಮೆಯಾಗುತ್ತದೆ. ಟೈಲು ಹಾಗೆ ಕುಗ್ಗುವುದಿಲ್ಲ. ಸಂದಿಯಿಲ್ಲದೆ ಗೋಡೆಯಿಂದ ಗೋಡೆಗೆ ಒತ್ತಿ ಕೂರಿಸಿದ್ದರೆ ಸಾಲು ಬಿಗಿಯಾಗುತ್ತ ಹೋಗಿ, ಹಿಡಿತ ಎಲ್ಲಿ ದುರ್ಬಲವೋ ಅಲ್ಲಿ ಮೇಲೇಳುತ್ತದೆ. 60 ಸೆಂಟಿಮೀಟರಿನ ಎರಡು ಟೈಲುಗಳು ಈ 1.8 ಮಿಲಿಮೀಟರನ್ನು ತಾವೇ ಭರಿಸಬೇಕಾದರೆ ಅವು ಕೂಡುವ ಅಂಚು ಎಷ್ಟು ಎತ್ತರಕ್ಕೆ ಏರೀತು? ಪ್ರತಿಯೊಂದು ಟೈಲೂ 600 ಮಿಲಿಮೀಟರ್ ಕರ್ಣವಾಗಿ, ಪಾದವು 599.1 ಆಗುವ ಲಂಬಕೋನ ತ್ರಿಭುಜವನ್ನು ವಿದ್ಯಾರ್ಥಿಗಳು ಬರೆದು ನೋಡಲಿ. ಎತ್ತರ ಸುಮಾರು 33 ಮಿಲಿಮೀಟರ್ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕುಗ್ಗುವಿಕೆಯಿಂದ ಕಾಲು ಎಡವುವಷ್ಟು ದೊಡ್ಡ ಉಬ್ಬು ಹುಟ್ಟುವ ರಹಸ್ಯ ಇಷ್ಟೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಈ ಊರಿನ ಬಿಸಿಲು ಟೈಲನ್ನು ಹಿಗ್ಗಿಸಿ ಆ ಒತ್ತಡಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ.

ಈ ಮೂರು ವಿಚಾರಗಳಿಂದ ಕೆಲಸದ ಕ್ರಮ ತಾನಾಗಿ ಹೊರಡುತ್ತದೆ. ಕಾಂಕ್ರೀಟಿಗೆ ಕನಿಷ್ಠ 28 ದಿನಗಳ ಅವಕಾಶ ಕೊಡಬೇಕು. ಇನ್ನೂ ಹೆಚ್ಚು ಕಾದಷ್ಟೂ ಕುಗ್ಗುವಿಕೆಯ ಹೆಚ್ಚಿನ ಭಾಗ ಟೈಲು ಹಾಸುವ ಮುನ್ನವೇ ಮುಗಿದಿರುತ್ತದೆ. ಅನಂತರ ದೂಳು, ಎಣ್ಣೆ, ಬಣ್ಣದ ಕಲೆಗಳನ್ನು ತೆಗೆದು, ರಸಮಟ್ಟದಿಂದ ಏರುತಗ್ಗುಗಳನ್ನು ನೋಡಿ ಸರಿಪಡಿಸಬೇಕು. ಕೋಣೆಯ ನಡುವೆ ಎರಡು ದಾರಗಳನ್ನು ಅಡ್ಡಲಾಗಿ ಎಳೆದು, 3, 4, 5ರ ಅಳತೆಯಿಂದ ಮೂಲೆ ಸರಿಯಾಗಿದೆಯೆ ಎಂದು ಪರೀಕ್ಷಿಸಿ, ಗಾರೆಯಿಲ್ಲದೆ ಒಂದು ಸಾಲನ್ನು ಜೋಡಿಸಿ ನೋಡಬೇಕು. ಗೋಡೆಯ ಬಳಿ ಅರ್ಧಕ್ಕಿಂತ ಕಿರಿದಾದ ತುಂಡು ಬರುವಂತಿದ್ದರೆ ಸಾಲನ್ನು ಆಗಲೇ ಸರಿಸಿಕೊಳ್ಳುವುದು ಸುಲಭ.

ಅಂಟುಗಾರೆಯನ್ನು ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿನ ಗೆರೆಗಳಾಗಿ ಎಳೆದು, ಟೈಲನ್ನು ಆ ಗೆರೆಗಳಿಗೆ ಅಡ್ಡಲಾಗಿ ಒತ್ತಿ ಆಡಿಸಬೇಕು. ಆಗ ಒಳಗಿನ ಗಾಳಿ ಹೊರಬೀಳುತ್ತದೆ. ಟೈಲಿನ ನಡುವಿಗೂ ಮೂಲೆಗಳಿಗೂ ಗಾರೆಯ ಮುದ್ದೆಗಳನ್ನಿಟ್ಟು ಕೂರಿಸುವ ಪದ್ಧತಿಯೇ ಟೊಳ್ಳಿಗೆ ಮುಖ್ಯ ಕಾರಣ. ಆಗಾಗ ಒಂದು ಟೈಲನ್ನು ಕಿತ್ತು ಹಿಂಬದಿಯನ್ನು ನೋಡಬೇಕು. ಅಮೆರಿಕದ ಮಾನಕವು ಒಳಗಿನ ಒಣ ನೆಲದಲ್ಲಿ ನೂರಕ್ಕೆ 80 ಭಾಗ, ತೇವದ ಸ್ಥಳದಲ್ಲಿ 95 ಭಾಗ ಅಂಟು ತಗುಲಿರಬೇಕೆಂದು ವಿಧಿಸುತ್ತದೆ. ನಮಗೂ ಇದು ಒಳ್ಳೆಯ ಅಳತೆ. ಬಿಸಿಗಾಳಿಯಲ್ಲಿ ಅಂಟಿನ ಮೇಲೆ ಬೇಗ ಕೆನೆಗಟ್ಟುವುದರಿಂದ ನಾಲ್ಕಾರು ಟೈಲುಗಳಿಗೆ ಸಾಕಾಗುವಷ್ಟನ್ನು ಮಾತ್ರ ಹರಡತಕ್ಕದ್ದು. ಬೆರಳಿಗೆ ಅಂಟದಂತಾದ ಗಾರೆಗೆ ಮತ್ತೆ ನೀರು ಬೆರೆಸದೆ ಕೆರೆದು ಹಾಕಬೇಕು. ಬೇಸಗೆಯಲ್ಲಿ ಬೆಳಗಿನ ಹೊತ್ತು ಈ ಕೆಲಸಕ್ಕೆ ಪ್ರಶಸ್ತ.

ಟೈಲುಗಳ ನಡುವೆ ಕನಿಷ್ಠ 2 ಮಿಲಿಮೀಟರ್ ಸಂದಿಯನ್ನೂ, ನಾಲ್ಕು ಗೋಡೆಗಳ ಬುಡದಲ್ಲಿ 5ರಿಂದ 8 ಮಿಲಿಮೀಟರ್ ತೆರಪನ್ನೂ ಬಿಡಬೇಕು. ಈ ತೆರಪನ್ನು ಸಿಮೆಂಟಿನಿಂದ ತುಂಬಿದರೆ ಅದರ ಉದ್ದೇಶವೇ ಕೆಡುತ್ತದೆ. ಮಣಿಯುವ ಸೀಲೆಂಟನ್ನು ತುಂಬಿದರೆ ಗೋಡೆಯ ಪಟ್ಟಿಯ ಅಡಿಯಲ್ಲಿ ಅದು ಕಾಣಿಸುವುದೂ ಇಲ್ಲ.

ಗೋಡೆಯ ಕೆಲಸದಲ್ಲಿ ಕೆಳಗಿನ ಸಾಲು ನೆಲದ ಓರೆಯನ್ನು ಅನುಸರಿಸಬಾರದು. ಎರಡನೆಯ ಸಾಲಿನ ಅಡಿಗೆ ಮಟ್ಟವಾದ ಒಂದು ಪಟ್ಟಿಯನ್ನು ಬಡಿದು ಅಲ್ಲಿಂದ ಮೇಲಕ್ಕೆ ಕೂರಿಸಿ, ಕಡೆಯಲ್ಲಿ ಕೆಳಸಾಲನ್ನು ಅಳತೆಗೆ ಕತ್ತರಿಸಿ ಸೇರಿಸಬೇಕು. ಬಚ್ಚಲಿನ ನೆಲಕ್ಕೆ ಮೀಟರಿಗೆ 10ರಿಂದ 15 ಮಿಲಿಮೀಟರ್ ವಾಟವಿರಲಿ. ಟೈಲಿನ ಸಂದಿಗಳು ನೀರನ್ನು ಪೂರ್ತಿಯಾಗಿ ತಡೆಯಲಾರವಾದುದರಿಂದ ಜಲನಿರೋಧಕ ಲೇಪವನ್ನು ಟೈಲಿನ ಅಡಿಯಲ್ಲೇ ಹಾಕಬೇಕು. ವೃದ್ಧರಿರುವ ಮನೆಯಲ್ಲಿ ಅಲ್ಲಿಗೆ ಹೊಳಪಿನ ಟೈಲನ್ನು ಆರಿಸದಿರುವುದು ಲೇಸು.

ಕೆಲಸ ಮುಗಿದು ಒಂದು ದಿನ ಕಳೆದ ಮೇಲೆ, ಸಂದಿ ತುಂಬುವ ಮೊದಲು, ಪ್ರತಿಯೊಂದು ಟೈಲನ್ನೂ ಸಣ್ಣ ಕೋಲಿನಿಂದ ಮೆಲ್ಲಗೆ ತಟ್ಟಿ ಆಲಿಸಬೇಕು. ಟೊಳ್ಳು ದನಿ ಕೊಟ್ಟುದನ್ನು ಅಂದೇ ಕಿತ್ತು ಕೂರಿಸಿದರೆ ಖರ್ಚು ಅಲ್ಪ. ಸಾಮಾನು ಬಂದು ಸಂಸಾರ ಹೂಡಿದ ಮೇಲೆ ಅದೇ ಕೆಲಸ ಮಹಾ ತೊಡಕಿನದು.

ಮೇಲ್ಕಂಡ ವಿಧಾನಗಳಲ್ಲಿ ದುಬಾರಿಯಾದುದು ಅಂಟುಗಾರೆ ಒಂದೇ. ಮಿಕ್ಕವು ಬೇಡುವುದು ಕಾಲಾವಕಾಶವನ್ನು. ಗೃಹಪ್ರವೇಶದ ಮುಹೂರ್ತವನ್ನು ಮೊದಲೇ ಇಟ್ಟು ಮೇಸ್ತ್ರಿಯನ್ನು ಅವಸರಪಡಿಸುವ ಯಜಮಾನನು, ಕಾಂಕ್ರೀಟು ಕುಗ್ಗಿ ಮುಗಿಯಲು ಬೇಕಾದ ದಿನಗಳನ್ನು ತಾನೇ ಕಸಿದುಕೊಳ್ಳುತ್ತಾನೆ. ನೆಲವೆದ್ದ ಮೇಲೆ ಯಾರನ್ನು ದೂರಬೇಕೆಂದು ಕೇಳುವ ಮೊದಲು ಆ ದಿನಗಳ ಲೆಕ್ಕವನ್ನೂ ಹಾಕಬೇಕೆಂದು ನಾವು ಭಾವಿಸುತ್ತೇವೆ.